ಅಮೆರಿಕದ ದೊಡ್ಡ ನಗರಗಳಿಗೆ ಮೊದಲ ಪ್ರವಾಸ: ಅಲ್ಲಿ ನೆಲೆಸಿದವರ ಸಲಹೆ ಬೇಕಾಗಿದೆ

ಪ್ರಶ್ನೆ: ಮೊದಲ ಪಯಣ

ಎಲ್ಲರಿಗೂ ನಮಸ್ಕಾರ.

ನಾನು ಮತ್ತು ನನ್ನ ಅಕ್ಕ ಬರುವ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಹದಿನಾರು ದಿನಗಳ ಮಟ್ಟಿಗೆ ಅಮೆರಿಕಕ್ಕೆ ಹೊರಟಿದ್ದೇವೆ. ನನಗೆ ಐವತ್ತೆಂಟು ವರ್ಷ, ಅಕ್ಕನಿಗೆ ಅರವತ್ತಮೂರು. ಇಬ್ಬರಿಗೂ ಇದು ಆ ದೇಶದ ಮೊದಲ ಭೇಟಿ. ಅಲ್ಲಿ ನಮಗೆ ನೆಂಟರಾಗಲಿ ಪರಿಚಿತರಾಗಲಿ ಇಲ್ಲವಾದ್ದರಿಂದ ವಿಮಾನದಿಂದ ಇಳಿದ ಕ್ಷಣದಿಂದಲೇ ಎಲ್ಲವನ್ನೂ ನಾವೇ ನಿಭಾಯಿಸಬೇಕು. ಹೋಗುವಾಗ ನ್ಯೂಯಾರ್ಕಿನಲ್ಲಿ ಇಳಿಯುವಂತೆ, ಮರಳುವಾಗ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಿಮಾನ ಹತ್ತುವಂತೆ ಟಿಕೆಟ್ ತೆಗೆದಾಗಿದೆ. ನಡುವಿನ ಪಟ್ಟಿಯಲ್ಲಿ ಬಾಸ್ಟನ್, ವಾಷಿಂಗ್ಟನ್, ಶಿಕಾಗೊ ಮತ್ತು ಲಾಸ್ ಏಂಜಲೀಸ್ ಇವೆ.

ಏನು ನೋಡಬೇಕೆಂಬುದನ್ನು ಕೈಪಿಡಿಗಳು ಧಾರಾಳವಾಗಿ ಹೇಳುತ್ತವೆ. ನಮಗೆ ಬೇಕಾಗಿರುವುದು ಆ ಊರುಗಳಲ್ಲಿ ಓಡಾಡುವುದು ಹೇಗೆ ಎಂಬ ತಿಳಿವಳಿಕೆ. ಇಷ್ಟು ನಗರಗಳು ಹದಿನಾರು ದಿನಗಳಿಗೆ ಹೆಚ್ಚಾಗುತ್ತವೆಯೆ? ಕಾರು ಬಾಡಿಗೆಗೆ ಪಡೆಯುವುದು ಅನಿವಾರ್ಯವೆ? ನನಗೆ ಚಾಲನೆ ಬರುತ್ತದೆ, ಆದರೆ ರಸ್ತೆಯ ಬಲಬದಿಯಲ್ಲಿ ಓಡಿಸಿದ ಅನುಭವವಿಲ್ಲ. ತೆರಿಗೆ ಮತ್ತು ಟಿಪ್ ಬಗ್ಗೆ ಓದಿದಷ್ಟೂ ಗೊಂದಲವೇ ಹೆಚ್ಚಾಗಿದೆ. ಸಂಜೆಯ ನಂತರ ಇಬ್ಬರೇ ಹೆಂಗಸರು ಹೊರಗೆ ಓಡಾಡುವುದು ಎಷ್ಟರ ಮಟ್ಟಿಗೆ ಸರಿ? ಅಕ್ಕ ಮೊಟ್ಟೆಯನ್ನೂ ಮುಟ್ಟುವುದಿಲ್ಲವೆಂಬುದನ್ನು ಗಮನದಲ್ಲಿಟ್ಟುಕೊಂಡು ಊಟದ ವಿಚಾರದಲ್ಲಿಯೂ ಎರಡು ಮಾತು ಹೇಳಿದರೆ ಉಪಕಾರವಾಗುತ್ತದೆ.

ಉತ್ತರ 1: ಕ್ವೀನ್ಸ್ ನಿವಾಸಿ

ನಮಸ್ಕಾರ. ಹದಿನಾಲ್ಕು ವರ್ಷಗಳಿಂದ ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ ವಾಸವಾಗಿದ್ದೇನೆ. ಮೊದಲು ನಿಮ್ಮ ಪಟ್ಟಿಯ ಬಗ್ಗೆ ಹೇಳುತ್ತೇನೆ, ಏಕೆಂದರೆ ಉಳಿದ ತೊಂದರೆಗಳಲ್ಲಿ ಮುಕ್ಕಾಲು ಪಾಲು ಅಲ್ಲಿಂದಲೇ ಹುಟ್ಟುತ್ತವೆ. ಆರು ನಗರಗಳು ಖಂಡಿತ ಹೆಚ್ಚು. ನ್ಯೂಯಾರ್ಕಿನಿಂದ ಕ್ಯಾಲಿಫೋರ್ನಿಯಾಕ್ಕೆ ವಿಮಾನದಲ್ಲಿಯೇ ಸುಮಾರು ಆರು ಗಂಟೆ ಬೇಕು. ಹೋಟೆಲ್ ಖಾಲಿ ಮಾಡಿ, ನಿಲ್ದಾಣ ತಲುಪಿ, ತಪಾಸಣೆಯ ಸಾಲಿನಲ್ಲಿ ನಿಂತು, ಇನ್ನೊಂದು ಊರಿನಲ್ಲಿ ಇಳಿದು ಕೋಣೆ ಸೇರುವಷ್ಟರಲ್ಲಿ ದಿನ ಮುಗಿದಿರುತ್ತದೆ. ಊರು ಬದಲಿಸಿದ ಪ್ರತಿ ಸಲವೂ ಒಂದು ದಿನವನ್ನು ಲೆಕ್ಕದಿಂದ ಕಳೆದುಬಿಡಿ, ಆಗ ನಿಮ್ಮ ಪಟ್ಟಿ ತಾನಾಗಿಯೇ ಚಿಕ್ಕದಾಗುತ್ತದೆ. ನನ್ನ ಮಟ್ಟಿಗೆ ನ್ಯೂಯಾರ್ಕಿಗೆ ಆರು ದಿನಗಳಿಗಿಂತ ಕಡಿಮೆ ಕೊಡುವುದು ನ್ಯಾಯವಲ್ಲ. ಬಾಸ್ಟನ್ ಮತ್ತು ಲಾಸ್ ಏಂಜಲೀಸ್ ಎರಡನ್ನೂ ಮುಂದಿನ ಸಲಕ್ಕೆ ಇಟ್ಟುಕೊಳ್ಳಿ.

ಇನ್ನು ಓಡಾಟದ ವಿಷಯ. ನ್ಯೂಯಾರ್ಕಿನ ಹೃದಯಭಾಗವಾದ ಮ್ಯಾನ್‌ಹ್ಯಾಟನ್ ದ್ವೀಪದ ಬೀದಿಗಳನ್ನು 1811ರ ಯೋಜನೆಯೊಂದರ ಪ್ರಕಾರ ಗೆರೆ ಎಳೆದಂತೆ ಹಾಕಿದ್ದಾರೆ. ಅವೆನ್ಯೂಗಳು ದ್ವೀಪದ ಉದ್ದಕ್ಕೆ ಸಾಗುತ್ತವೆ, ಸಂಖ್ಯೆ ಹೊತ್ತ ಸ್ಟ್ರೀಟುಗಳು ಅಡ್ಡಲಾಗಿ ಹಾದುಹೋಗುತ್ತವೆ. ಉತ್ತರಕ್ಕೆ ನಡೆದಂತೆ ಸ್ಟ್ರೀಟುಗಳ ಸಂಖ್ಯೆ ಏರುತ್ತದೆ, ಇಪ್ಪತ್ತು ಸ್ಟ್ರೀಟು ದಾಟಿದರೆ ಸರಿಸುಮಾರು ಒಂದು ಮೈಲಿ ಆಗುತ್ತದೆ. ಫಿಫ್ತ್ ಅವೆನ್ಯೂ ಪೂರ್ವ ಪಶ್ಚಿಮಗಳ ಗಡಿ. ಆದ್ದರಿಂದ ವಿಳಾಸದಲ್ಲಿರುವ ಈಸ್ಟ್ ಅಥವಾ ವೆಸ್ಟ್ ಎಂಬ ಪದವನ್ನು ಬಿಟ್ಟು ಓದಿದರೆ ದ್ವೀಪದ ಇನ್ನೊಂದು ಬದಿಗೆ ಹೋಗಿ ನಿಲ್ಲುತ್ತೀರಿ. ಹಳೆಯ ಊರಾದ ದಕ್ಷಿಣದ ತುದಿಯಲ್ಲಿ ಮಾತ್ರ ಈ ಕ್ರಮ ಕೆಡುತ್ತದೆ, ಅಲ್ಲಿ ನಾವೂ ಫೋನ್ ತೆಗೆದು ನಕ್ಷೆ ನೋಡುತ್ತೇವೆ. ಅಂದ ಹಾಗೆ, ಅಲ್ಲಿನ ಒಂದು ರಸ್ತೆಯ ಹೆಸರನ್ನು ಟೆಕ್ಸಾಸಿನ ಹ್ಯೂಸ್ಟನ್ ನಗರದ ಕಾಗುಣಿತದಲ್ಲಿಯೇ ಬರೆದಿರುತ್ತಾರೆ, ಆದರೆ ಇಲ್ಲಿಯವರು ಅದನ್ನು ಹೌಸ್ಟನ್ ಎನ್ನುತ್ತಾರೆ.

ಸಬ್‌ವೇ ಎಂಬ ನೆಲದಡಿಯ ನಗರ ರೈಲು ಹಗಲು ರಾತ್ರಿ ಓಡುತ್ತದೆ. 2026ರ ಜನವರಿಯಿಂದ ಒಂದು ಪ್ರಯಾಣಕ್ಕೆ 3 ಡಾಲರ್ ಆಗಿದೆ. ಹಳೆಯ ಮೆಟ್ರೊಕಾರ್ಡ್ ಮಾರಾಟ 2025ರ ಕೊನೆಗೆ ನಿಂತುಹೋಗಿದ್ದು, ಈಗ ನಿಮ್ಮ ಬ್ಯಾಂಕ್ ಕಾರ್ಡನ್ನೋ ಫೋನನ್ನೋ ಗೇಟಿಗೆ ತಾಗಿಸಿದರೆ ಸಾಕು. ಏಳು ದಿನಗಳಲ್ಲಿ 35 ಡಾಲರ್ ಮುಟ್ಟಿದ ಮೇಲೆ ಉಳಿದ ಪ್ರಯಾಣಗಳಿಗೆ ಹಣ ಕಡಿತವಾಗುವುದಿಲ್ಲ. ಆದರೆ ಈ ಲೆಕ್ಕ ಕಾರ್ಡಿಗೊಂದರಂತೆ ನಡೆಯುವುದರಿಂದ ಅಕ್ಕ ಒಂದು ಕಾರ್ಡನ್ನು, ನೀವು ಇನ್ನೊಂದನ್ನು ವಾರಪೂರ್ತಿ ಬದಲಿಸದೆ ಬಳಸಬೇಕು. ಇಂದು ಫೋನು, ನಾಳೆ ಕಾರ್ಡು ಎಂದು ಬಳಸಿದರೆ ಎರಡು ಬೇರೆ ಬೇರೆ ಖಾತೆಗಳಾಗುತ್ತವೆ.

ಹೊಸಬರು ಎಡವುವುದು ಎರಡು ಕಡೆ. ಅನೇಕ ನಿಲ್ದಾಣಗಳಲ್ಲಿ ಉತ್ತರಕ್ಕೆ ಹೋಗುವ ಅಪ್‌ಟೌನ್ ರೈಲಿಗೂ ದಕ್ಷಿಣಕ್ಕೆ ಹೋಗುವ ಡೌನ್‌ಟೌನ್ ರೈಲಿಗೂ ಬೀದಿಯ ಎರಡು ಬದಿಗಳಲ್ಲಿ ಬೇರೆ ಬೇರೆ ಬಾಗಿಲುಗಳಿದ್ದು, ಒಳಗೆ ಹೋದ ಮೇಲೆ ಇನ್ನೊಂದು ಬದಿಗೆ ದಾಟಲು ದಾರಿಯೇ ಇರುವುದಿಲ್ಲ. ಮೆಟ್ಟಿಲ ಮೇಲಿನ ಫಲಕವನ್ನು ಓದಿಯೇ ಇಳಿಯಿರಿ. ಎರಡನೆಯದು ಎಕ್ಸ್‌ಪ್ರೆಸ್ ರೈಲು. ನಾನು ಬಂದ ಮೊದಲ ವಾರದಲ್ಲಿ 81ನೆಯ ಬೀದಿಯ ನಿಸರ್ಗ ಇತಿಹಾಸ ವಸ್ತುಸಂಗ್ರಹಾಲಯಕ್ಕೆಂದು ಹೊರಟು, 59ನೆಯ ಬೀದಿಯಲ್ಲಿ ಮೊದಲು ಬಂದ ಎ ರೈಲನ್ನು ಹತ್ತಿದ್ದೆ. ಅದು ನಡುವಿನ ಏಳು ನಿಲ್ದಾಣಗಳನ್ನೂ ನಿಲ್ಲದೆ ದಾಟಿ ನೇರವಾಗಿ ಹಾರ್ಲೆಮ್ಮಿನ 125ನೆಯ ಬೀದಿಯಲ್ಲಿ ನನ್ನನ್ನು ಇಳಿಸಿತು. ಅಲ್ಲಿಗೆ ಹೋಗಲು ಸಿ ರೈಲು ಹತ್ತಬೇಕು, ವಾರದ ದಿನಗಳಲ್ಲಿ ಬಿ ರೈಲೂ ನಿಲ್ಲುತ್ತದೆ. ಶನಿವಾರ ಮತ್ತು ಭಾನುವಾರಗಳಲ್ಲಿ ದುರಸ್ತಿಗಾಗಿ ರೈಲುಗಳ ದಾರಿಯನ್ನೇ ಬದಲಿಸುವುದು ಸಾಮಾನ್ಯ, ಕಂಬಗಳಿಗೆ ಅಂಟಿಸಿದ ಕಾಗದಗಳನ್ನು ಆ ಎರಡು ದಿನ ಕಡ್ಡಾಯವಾಗಿ ಓದಿ. ಜನದಟ್ಟಣೆಯ ಹೊತ್ತಿನಲ್ಲಿ ಒಂದೇ ಒಂದು ಬೋಗಿ ಖಾಲಿಯಾಗಿ ಬಂದರೆ ಅದೃಷ್ಟವೆಂದು ಹತ್ತಬೇಡಿ. ಉಳಿದವರೆಲ್ಲ ಅದರಿಂದ ಇಳಿದುಹೋಗಲು ಕಾರಣವಿರುತ್ತದೆ, ಅದು ಬಾಗಿಲು ತೆರೆದೊಡನೆ ಮೂಗಿಗೆ ತಿಳಿಯುತ್ತದೆ.

ಸುರಕ್ಷತೆಯ ಬಗ್ಗೆ ಕೇಳಿದ್ದೀರಿ. ರಾತ್ರಿ ಹತ್ತು ಹನ್ನೊಂದರವರೆಗೆ ಮ್ಯಾನ್‌ಹ್ಯಾಟನ್ನಿನ ನಡುಭಾಗದ ಬೀದಿಗಳಲ್ಲಿ ಜನ ತುಂಬಿರುತ್ತಾರೆ, ಆ ಹೊತ್ತಿನಲ್ಲಿ ಇಬ್ಬರು ನಡೆದಾಡಲು ಅಂಜಬೇಕಾಗಿಲ್ಲ. ತಡವಾದಾಗ ರೈಲಿನ ನಡುವಿನ ಬೋಗಿಯನ್ನು ಆರಿಸಿಕೊಳ್ಳಿ, ಏಕೆಂದರೆ ಕಂಡಕ್ಟರ್ ಇರುವುದು ಅಲ್ಲಿಯೇ. ಪ್ಲಾಟ್‌ಫಾರ್ಮಿನ ಮಧ್ಯದಲ್ಲಿ ಕಪ್ಪು ಬಿಳುಪು ಪಟ್ಟೆಗಳ ಒಂದು ಹಲಗೆ ತೂಗುತ್ತಿರುತ್ತದೆ. ರೈಲು ನಿಂತಾಗ ಕಂಡಕ್ಟರ್ ಕಿಟಕಿಯಿಂದ ಕೈ ಚಾಚಿ ಅದನ್ನು ಬೊಟ್ಟುಮಾಡಿ ತೋರಿಸಬೇಕೆಂಬ ನಿಯಮವಿದೆ, ಅದರ ಕೆಳಗೆ ನಿಂತರೆ ಸರಿಯಾದ ಬೋಗಿಯೇ ನಿಮ್ಮೆದುರು ಬಂದು ನಿಲ್ಲುತ್ತದೆ. ನಿಜವಾದ ಕಾಟವಿರುವುದು ಟೈಮ್ಸ್ ಸ್ಕ್ವೇರಿನಲ್ಲಿ, ಅದೂ ಹಾಡಹಗಲಿನಲ್ಲಿ. ವೇಷ ಹಾಕಿದವರು ನಗುತ್ತ ಹೆಗಲ ಮೇಲೆ ಕೈಯಿಟ್ಟು ಫೋಟೊ ತೆಗೆಸಿಕೊಂಡು ಆಮೇಲೆ ಒಬ್ಬೊಬ್ಬರೂ ಹಣ ಕೇಳುತ್ತಾರೆ. ಕೈಗೆ ಏನನ್ನಾದರೂ ತುರುಕುವವರಿಂದ ಮಾತಿಲ್ಲದೆ ಮುಂದೆ ಸಾಗಿ, ಇಲ್ಲಿ ಅದನ್ನು ಒರಟುತನವೆಂದು ಯಾರೂ ತಿಳಿಯುವುದಿಲ್ಲ.

ಸ್ವಾತಂತ್ರ್ಯ ದೇವಿಯ ಪ್ರತಿಮೆಯ ದ್ವೀಪಕ್ಕೆ ಹೋಗಲೇಬೇಕೆಂಬ ಹಟವಿಲ್ಲದಿದ್ದರೆ ಸ್ಟ್ಯಾಟನ್ ಐಲೆಂಡ್ ಫೆರಿ ಹತ್ತಿ. ಅದು ಸಂಪೂರ್ಣ ಉಚಿತ, ಒಂದು ಕಡೆಗೆ ಇಪ್ಪತ್ತೈದು ನಿಮಿಷ. ಹೋಗುವಾಗ ಬಲಬದಿಯಲ್ಲಿ ನಿಂತರೆ ಪ್ರತಿಮೆ ಚೆನ್ನಾಗಿ ಕಾಣುತ್ತದೆ. ಆಚೆ ದಡದಲ್ಲಿ ಎಲ್ಲರೂ ಇಳಿದು ಮತ್ತೆ ಹತ್ತಬೇಕು. ಫೆರಿ ನಿಲ್ದಾಣದ ಹೊರಗೆ ಇದಕ್ಕೂ ಟಿಕೆಟ್ ಬೇಕೆಂದು ಹೇಳಿ ಮಾರಲು ಬರುವವರಿದ್ದಾರೆ, ಕಿವಿಗೊಡಬೇಡಿ. ಬ್ರೂಕ್ಲಿನ್ ಸೇತುವೆಯ ಮೇಲೆ ನಡೆಯುವುದಾದರೆ ಎ ಅಥವಾ ಸಿ ರೈಲಿನಲ್ಲಿ ಹೈ ಸ್ಟ್ರೀಟಿಗೆ ಹೋಗಿ, ಬ್ರೂಕ್ಲಿನ್ ಕಡೆಯಿಂದ ಮ್ಯಾನ್‌ಹ್ಯಾಟನ್ನಿನತ್ತ ನಡೆಯಿರಿ. ಆಗ ಗಗನಚುಂಬಿಗಳ ಸಾಲು ಬೆನ್ನ ಹಿಂದೆ ಉಳಿಯದೆ ಕಣ್ಣೆದುರಿಗೇ ಇರುತ್ತದೆ.

ಉತ್ತರ 2: ಸರೋವರದ ದಂಡೆ

ಕ್ವೀನ್ಸಿನವರು ಹೇಳಿದ್ದರಲ್ಲಿ ಹೆಚ್ಚಿನದನ್ನು ಒಪ್ಪುತ್ತೇನೆ. ಬಾಸ್ಟನ್ನನ್ನೂ ಲಾಸ್ ಏಂಜಲೀಸನ್ನೂ ಕೈಬಿಡಿ ಎಂದವರು ಶಿಕಾಗೊದ ಹೆಸರನ್ನೇ ಎತ್ತಲಿಲ್ಲವಾದ್ದರಿಂದ ಆ ಕೆಲಸ ನನ್ನ ಪಾಲಿಗೆ ಬಂದಿದೆ. ದೇಶದ ಪೂರ್ವದ ಅಂಚಿನಿಂದ ಪಶ್ಚಿಮದ ಅಂಚಿಗೆ ಹೇಗೂ ಹಾರಬೇಕಾಗಿರುವ ನೀವು ದಾರಿಯ ನಡುವೆ ಇಲ್ಲಿ ಮೂರು ರಾತ್ರಿ ತಂಗಿದರೆ ಪ್ರಯಾಣದ ದಣಿವೂ ಎರಡು ಭಾಗವಾಗುತ್ತದೆ.

ಹೊಸಬರಿಗೆ ಇಷ್ಟು ಸುಲಭವಾಗಿ ಅರ್ಥವಾಗುವ ದೊಡ್ಡ ನಗರ ಅಮೆರಿಕದಲ್ಲಿ ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ. ಸ್ಟೇಟ್ ಮತ್ತು ಮ್ಯಾಡಿಸನ್ ರಸ್ತೆಗಳು ಕೂಡುವ ಮೂಲೆ ಇಲ್ಲಿ ಸೊನ್ನೆ. ಅಲ್ಲಿಂದ ನಾಲ್ಕೂ ದಿಕ್ಕಿಗೆ ಮನೆಗಳ ಸಂಖ್ಯೆ ಬೆಳೆಯುತ್ತ ಹೋಗುತ್ತದೆ, ಎಂಟುನೂರು ಸಂಖ್ಯೆಗೆ ಒಂದು ಮೈಲಿ ಎಂಬುದು ಸಾಮಾನ್ಯ ಲೆಕ್ಕ. ನಾರ್ತ್ 1600 ಎಂಬ ವಿಳಾಸ ಸಿಕ್ಕಿದರೆ ಸೊನ್ನೆಯಿಂದ ಉತ್ತರಕ್ಕೆ ಎರಡು ಮೈಲಿ ಎಂದು ನಕ್ಷೆ ನೋಡದೆಯೇ ಹೇಳಬಹುದು. ದಿಕ್ಕು ತಪ್ಪಿತೆನಿಸಿದರೆ ಮಿಷಿಗನ್ ಸರೋವರ ಎತ್ತ ಇದೆಯೆಂದು ಯಾರನ್ನಾದರೂ ಕೇಳಿ, ಅದು ಯಾವಾಗಲೂ ಪೂರ್ವ. ನಡುವೂರಿನಲ್ಲಿ ನದಿಯನ್ನು ಅಪ್ಪಿಕೊಂಡು ಸಾಗುವ ವ್ಯಾಕರ್ ಡ್ರೈವ್ ಮಾತ್ರ ತಲೆಕೆಡಿಸುತ್ತದೆ. ಅದು ಒಂದರ ಕೆಳಗೊಂದು ಅಂತಸ್ತುಗಳಿರುವ ರಸ್ತೆ. ಅಲ್ಲಿ ಫೋನಿನಲ್ಲಿ ಟ್ಯಾಕ್ಸಿ ಕರೆದರೆ ನೀವು ಮೇಲಿನ ರಸ್ತೆಯಲ್ಲಿ ಕಾಯುತ್ತಿರುತ್ತೀರಿ, ಕಾರು ನಿಮ್ಮ ಕಾಲಡಿಯ ರಸ್ತೆಗೆ ಬಂದು ನಿಂತಿರುತ್ತದೆ. ಒಂದು ಬೀದಿ ದಾಟಿ ಈಚೆ ಬಂದು ಕರೆಯುವುದು ಜಾಣತನ.

ಓಹೇರ್ ವಿಮಾನ ನಿಲ್ದಾಣದೊಳಗಿನಿಂದಲೇ ಬ್ಲೂ ಲೈನ್ ರೈಲು ಹೊರಡುತ್ತದೆ. ನಗರದ ನಡುಭಾಗವಾದ ಲೂಪ್ ತಲುಪಲು ಮುಕ್ಕಾಲು ಗಂಟೆ ಸಾಕು. ವಿಮಾನ ನಿಲ್ದಾಣದಿಂದ ಹತ್ತುವವರಿಗೆ ಮಾತ್ರ 5 ಡಾಲರ್, ಮರಳಿ ಹೋಗುವಾಗ ಮಾಮೂಲಿ ದರ ಎಂಬುದು ಇಲ್ಲಿಯ ವಿಚಿತ್ರ. ಒಂದೇ ಒಂದು ಹಣ ಕೊಟ್ಟು ನೋಡುವಂಥದ್ದನ್ನು ಆರಿಸಬೇಕೆಂದರೆ ನದಿಯ ಮೇಲಿನ ವಾಸ್ತುಶಿಲ್ಪ ದೋಣಿ ವಿಹಾರವನ್ನು ಆರಿಸಿಕೊಳ್ಳಿ. 1871ರ ಬೆಂಕಿಯಲ್ಲಿ ಊರಿನ ದೊಡ್ಡ ಭಾಗ ಸುಟ್ಟುಹೋದ ಮೇಲೆ ಎದ್ದು ನಿಂತ ಕಟ್ಟಡಗಳ ಕತೆಯನ್ನು ಒಂದೂವರೆ ಗಂಟೆಯಲ್ಲಿ ಕುಳಿತಲ್ಲೇ ಕೇಳಬಹುದು. ಆ ನದಿಯ ಹರಿವನ್ನೇ 1900ರಲ್ಲಿ ತಿರುಗಿಸಿ ಸರೋವರದಿಂದ ಹೊರಗೆ ಹರಿಯುವಂತೆ ಮಾಡಿದರೆಂಬುದನ್ನು ನೆನಪಿಟ್ಟುಕೊಂಡು ದೋಣಿ ಹತ್ತಿದರೆ ಇನ್ನೂ ಸ್ವಾರಸ್ಯ. ಮಿಲೇನಿಯಮ್ ಪಾರ್ಕ್, ಅದರೆದುರಿನ ಕಲ್ಚರಲ್ ಸೆಂಟರಿನ ಟಿಫನಿ ಗಾಜಿನ ಗುಮ್ಮಟ, ಲಿಂಕನ್ ಪಾರ್ಕಿನ ಪ್ರಾಣಿಸಂಗ್ರಹಾಲಯ ಇವೆಲ್ಲ ಉಚಿತ. ಅಕ್ಟೋಬರ್ ಆರಂಭದಲ್ಲಿ ಹಗಲು ಹಿತವಾಗಿರುತ್ತದೆ, ಆದರೆ ಸಂಜೆಯ ಸರೋವರದ ಗಾಳಿಗೆ ದಪ್ಪ ಸ್ವೆಟರ್ ಬೇಕು.

ಅಪರಾಧದ ಸುದ್ದಿಗಳನ್ನು ಓದಿ ಈ ಊರಿಗೆ ಹೆದರುವವರು ಬಹಳ. ಆ ಸುದ್ದಿಗಳಲ್ಲಿ ಹೆಚ್ಚಿನವು ಪ್ರವಾಸಿಗಳು ಕಾಲಿಡುವ ಕಾರಣವೇ ಇಲ್ಲದ ದಕ್ಷಿಣ ಮತ್ತು ಪಶ್ಚಿಮದ ಕೆಲವು ಬಡಾವಣೆಗಳವು. ಒಂದು ವಿಷಯದಲ್ಲಿ ಮಾತ್ರ ಕ್ವೀನ್ಸಿನವರಿಗಿಂತ ನಾನು ಬಿಗಿ. ರಾತ್ರಿ ಹತ್ತರ ನಂತರ ಇಲ್ಲಿಯ ರೈಲುಗಳು ಬೇಗ ಖಾಲಿಯಾಗುತ್ತವೆ. ಆ ಹೊತ್ತಿಗೆ ಟ್ಯಾಕ್ಸಿಗೆ ಕೊಡುವ ಹದಿನೈದು ಇಪ್ಪತ್ತು ಡಾಲರನ್ನು ಉಳಿಸಲು ಹೋಗಬೇಡಿ.

ಉತ್ತರ 3: ಪೊಟೊಮ್ಯಾಕ್ ತೀರ

ವಾಷಿಂಗ್ಟನ್ನಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ನ್ಯೂಯಾರ್ಕಿನಿಂದ ವಿಮಾನಕ್ಕಿಂತ ರೈಲೇ ಮೇಲು. ಪೆನ್ ಸ್ಟೇಷನ್ನಿನಿಂದ ಹೊರಟ ಆಮ್‌ಟ್ರ್ಯಾಕ್ ರೈಲು ಸುಮಾರು ಮೂರೂವರೆ ಗಂಟೆಯಲ್ಲಿ ಸಂಸತ್ ಭವನವಾದ ಕ್ಯಾಪಿಟಲ್ ಕಟ್ಟಡಕ್ಕೆ ನಡೆದುಹೋಗುವಷ್ಟು ಹತ್ತಿರ ಇಳಿಸುತ್ತದೆ. ಟಿಕೆಟ್ಟಿನ ಬೆಲೆ ದಿನ ಸಮೀಪಿಸಿದಂತೆ ಏರುವುದರಿಂದ ಈಗಲೇ ತೆಗೆದುಬಿಡಿ.

ಈ ಊರಿನ ವಿಳಾಸದಲ್ಲಿ ಕೊನೆಯ ಎರಡು ಅಕ್ಷರಗಳೇ ಮುಖ್ಯ. ಕ್ಯಾಪಿಟಲ್ ಕಟ್ಟಡವನ್ನು ಕೇಂದ್ರವಾಗಿಟ್ಟುಕೊಂಡು ನಗರವನ್ನು ನಾಲ್ಕು ಭಾಗ ಮಾಡಿದ್ದಾರೆ. ಸಂಖ್ಯೆಯ ರಸ್ತೆಗಳೂ ಅಕ್ಷರದ ರಸ್ತೆಗಳೂ ಪ್ರತಿ ಭಾಗದಲ್ಲಿ ಮರುಕಳಿಸುತ್ತವೆ. 7ನೆಯ ರಸ್ತೆ ಮತ್ತು ಡಿ ರಸ್ತೆ ಕೂಡುವ ಮೂಲೆ ನಾಲ್ಕು ಕಡೆ ಇದೆ ಎಂದರೆ ಉತ್ಪ್ರೇಕ್ಷೆಯಲ್ಲ. ಎನ್‌ಡಬ್ಲ್ಯು, ಎಸ್‌ಇ (ವಾಯವ್ಯ, ಆಗ್ನೇಯ) ಮುಂತಾದ ದಿಕ್ಕಿನ ಸೂಚನೆಯನ್ನು ಟ್ಯಾಕ್ಸಿಯವರಿಗೆ ಹೇಳಲು ಮರೆಯಬೇಡಿ. ಜೆ ರಸ್ತೆಯನ್ನು ಹುಡುಕಬೇಡಿ, ಅಕ್ಷರಮಾಲೆಯ ಸಾಲಿನಲ್ಲಿ ಅದನ್ನು ಬಿಟ್ಟಿದ್ದಾರೆ.

ಇಲ್ಲಿಯ ಮೆಟ್ರೊದಲ್ಲಿ ದೂರಕ್ಕೆ ತಕ್ಕ ದರವಿರುವುದರಿಂದ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಅದೇ ಕಾರ್ಡನ್ನು ತಾಗಿಸಬೇಕು. ಎಸ್ಕಲೇಟರಿನಲ್ಲಿ ಬಲಬದಿಗೆ ನಿಲ್ಲಿ, ಎಡಬದಿ ನಡೆಯುವವರಿಗೆ. ಇದನ್ನು ಮುರಿದವರನ್ನು ಬೆಳಗಿನ ಹೊತ್ತು ಕಚೇರಿಗೆ ಹೋಗುವವರು ಕ್ಷಮಿಸುವುದಿಲ್ಲ. ರೈಲಿನೊಳಗೆ ತಿನ್ನುವುದು, ಕುಡಿಯುವುದು ನಿಷಿದ್ಧ. ಸ್ಮಿತ್ಸೋನಿಯನ್ ಸಂಸ್ಥೆಯ ಇಲ್ಲಿಯ ವಸ್ತುಸಂಗ್ರಹಾಲಯಗಳೆಲ್ಲ ಉಚಿತ, ಆದರೆ ವಾಯು ಮತ್ತು ಬಾಹ್ಯಾಕಾಶ ಸಂಗ್ರಹಾಲಯದಂಥ ಕೆಲವಕ್ಕೆ ಸಮಯ ಸೂಚಿಸಿದ ಉಚಿತ ಟಿಕೆಟ್ಟನ್ನು ಮೊದಲೇ ಕಾಯ್ದಿರಿಸಿಕೊಳ್ಳಬೇಕಾಗುತ್ತದೆ. ಲಿಂಕನ್ ಸ್ಮಾರಕವನ್ನು ಬಿಸಿಲಿನಲ್ಲಿ ನೋಡಬೇಡಿ. ದಿನವಿಡೀ ತೆರೆದಿರುವ ಅದನ್ನು ಕತ್ತಲಾದ ಮೇಲೆ ದೀಪದ ಬೆಳಕಿನಲ್ಲಿ ನೋಡಬೇಕು, ಆ ಹೊತ್ತಿಗೂ ಅಲ್ಲಿ ಬೇಕಾದಷ್ಟು ಜನ ಇರುತ್ತಾರೆ.

ಉತ್ತರ 4: ಕೊಲ್ಲಿಯ ಮಂಜು

ಎಂಟು ವರ್ಷ ಲಾಸ್ ಏಂಜಲೀಸಿನಲ್ಲಿದ್ದು ಈಗ ಸ್ಯಾನ್ ಫ್ರಾನ್ಸಿಸ್ಕೊದಲ್ಲಿರುವವನು ನಾನು. ಎರಡನ್ನೂ ಪ್ರೀತಿಸುವವನಾಗಿಯೂ ಲಾಸ್ ಏಂಜಲೀಸನ್ನು ಈ ಸಲ ಬಿಡಿ ಎಂದೇ ಹೇಳುತ್ತೇನೆ. ಅದು ಒಂದು ಊರಲ್ಲ, ಹೆದ್ದಾರಿಗಳಿಂದ ಹೊಲಿದ ಹತ್ತಾರು ಊರುಗಳು. ನಕ್ಷೆಯಲ್ಲಿ ಸಾಂಟಾ ಮೋನಿಕಾದ ಕಡಲತೀರಕ್ಕೂ ಡೌನ್‌ಟೌನಿಗೂ ಇಪ್ಪತ್ತೈದು ಕಿಲೋಮೀಟರ್ ಇದ್ದೀತು, ಸಂಜೆ ಐದಕ್ಕೆ ಅದು ಒಂದೂವರೆ ಗಂಟೆಯಾಗುತ್ತದೆ. ಅಲ್ಲಿಯವರು ದೂರವನ್ನು ಮೈಲಿಯಲ್ಲಿ ಹೇಳುವುದೇ ಇಲ್ಲ, ನಿಮಿಷಗಳಲ್ಲಿ ಹೇಳುತ್ತಾರೆ. ರೈಲುಗಳಿಲ್ಲವೆಂದಲ್ಲ. ಡೌನ್‌ಟೌನಿನಿಂದ ಸಾಂಟಾ ಮೋನಿಕಾಕ್ಕೂ ಹಾಲಿವುಡ್ಡಿಗೂ ಮೆಟ್ರೊ ಇದೆ, ಒಂದು ಸವಾರಿಗೆ 1.75 ಡಾಲರ್. ಆದರೂ ನಾಲ್ಕು ದಿನವಾದರೂ ಇಲ್ಲದೆ, ಬಲಬದಿಯ ಚಾಲನೆಯ ರೂಢಿಯೂ ಇಲ್ಲದೆ ಅಲ್ಲಿಗೆ ಬಂದವರು ಸಂಚಾರ ದಟ್ಟಣೆಯನ್ನಷ್ಟೇ ನೋಡಿ ಹೋಗುತ್ತಾರೆ.

ಕಾರಿನ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ. ನ್ಯೂಯಾರ್ಕ್, ವಾಷಿಂಗ್ಟನ್, ಶಿಕಾಗೊ, ಸ್ಯಾನ್ ಫ್ರಾನ್ಸಿಸ್ಕೊ ನಾಲ್ಕರಲ್ಲಿಯೂ ಕಾರು ಹೊರೆ. ನಿಲ್ಲಿಸುವ ಜಾಗಕ್ಕೆ ಹೋಟೆಲಿನವರು ರಾತ್ರಿಯೊಂದಕ್ಕೆ ತೆಗೆದುಕೊಳ್ಳುವ ಹಣ ಕಾರಿನ ಬಾಡಿಗೆಯನ್ನೇ ಮೀರುವುದುಂಟು. ನಗರದ ಹೊರಗೆ ಒಂದು ದಿನ ಹೋಗಲು ಕಾರು ಪಡೆದರೆ ಎರಡು ವಿಷಯ ತಿಳಿದಿರಲಿ. ಪೆಟ್ರೋಲ್ ಬಂಕಿನ ಯಂತ್ರ ನಿಮ್ಮ ಕಾರ್ಡಿನ ವಿಳಾಸದ ಅಮೆರಿಕನ್ ಪಿನ್‌ಕೋಡ್ ಕೇಳುತ್ತದೆ, ವಿದೇಶಿ ಕಾರ್ಡಿಗೆ ಅದಿಲ್ಲ. ಆಗ ಒಳಗಿನ ಗಲ್ಲೆಗೆ ಹೋಗಿ ಪಂಪಿನ ಸಂಖ್ಯೆ ಹೇಳಿ ಮುಂಗಡ ಕೊಟ್ಟರಾಯಿತು, ಬಳಕೆಯಾಗದ ಹಣ ಕಾರ್ಡಿಗೆ ಮರಳುತ್ತದೆ. ಗೋಲ್ಡನ್ ಗೇಟ್ ಸೇತುವೆಯಲ್ಲಿ ಸುಂಕಕ್ಕೆ ನಗದು ತೆಗೆದುಕೊಳ್ಳುವುದಿಲ್ಲ. ಕ್ಯಾಮೆರಾ ನಂಬರ್ ಪ್ಲೇಟನ್ನು ಓದುತ್ತದೆ, ಬಾಡಿಗೆ ಕಂಪನಿ ಆ ಸುಂಕಕ್ಕೆ ತನ್ನ ಶುಲ್ಕವನ್ನೂ ಸೇರಿಸಿ ವಸೂಲು ಮಾಡುತ್ತದೆ. ಪೊಲೀಸರು ಹಿಂದಿನಿಂದ ದೀಪ ಮಿನುಗಿಸಿದರೆ ಬಲಕ್ಕೆ ನಿಲ್ಲಿಸಿ, ಸ್ಟೀರಿಂಗಿನ ಮೇಲೆ ಕೈಯಿಟ್ಟು ಒಳಗೇ ಕುಳಿತಿರಿ. ವಿನಯದಿಂದ ಇಳಿದುಹೋಗಿ ಮಾತನಾಡಿಸುವುದನ್ನು ಅವರು ಬೆದರಿಕೆಯೆಂದು ತಿಳಿಯಬಹುದು.

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಿಲ್ಲಿಸಿದ ಕಾರಿನ ಗಾಜು ಒಡೆಯುವ ಕಳ್ಳತನ ಹಳೆಯ ಪಿಡುಗು. ಒಂದು ಕೋಟನ್ನೂ ಸೀಟಿನ ಮೇಲೆ ಬಿಡಬೇಡಿ, ಡಿಕ್ಕಿಯಲ್ಲಿ ಬಚ್ಚಿಟ್ಟರೂ ಕ್ಷೇಮವಲ್ಲ. ಹೋಟೆಲ್ ಆರಿಸುವಾಗ ನಕ್ಷೆಯನ್ನು ಹತ್ತಿರದಿಂದ ನೋಡಿ. ಅಂಗಡಿಗಳ ಹೊಳಪಿನ ಯೂನಿಯನ್ ಸ್ಕ್ವೇರಿಗೆ ಅಂಟಿಕೊಂಡೇ ಟೆಂಡರ್‌ಲಾಯಿನ್ ಎಂಬ ಭಾಗವಿದೆ. ಮನೆಯಿಲ್ಲದವರೂ ಮಾದಕ ವ್ಯಸನದಲ್ಲಿ ಬಿದ್ದವರೂ ಅಲ್ಲಿಯ ಕಾಲುದಾರಿಗಳ ಮೇಲೆಯೇ ಇರುತ್ತಾರೆ. ಅವರಿಂದ ನಿಮಗೆ ಕೇಡಾಗುವುದು ಅಪರೂಪ, ಆದರೆ ರಾತ್ರಿ ಕೋಣೆಗೆ ಮರಳುವ ದಾರಿ ಅದಾಗಿದ್ದರೆ ಅಕ್ಕನವರಿಗೆ ನೆಮ್ಮದಿ ಇರುವುದಿಲ್ಲ. ಎರಡು ಬೀದಿಗಳ ಅಂತರದಲ್ಲಿ ಊರಿನ ಮುಖ ಬದಲಾಗುವುದು ಈ ದೇಶದ ನಗರಗಳ ಸ್ವಭಾವ.

ವಿಮಾನ ನಿಲ್ದಾಣದಿಂದ ನಗರಕ್ಕೆ ಬಾರ್ಟ್ ರೈಲು ಅರ್ಧ ಗಂಟೆ. ರಸ್ತೆಯಡಿಯ ಕೇಬಲ್ ಎಳೆಯುವ ಹಳೆಯ ಟ್ರಾಮಾದ ಕೇಬಲ್ ಕಾರಿಗಾಗಿ ಪೊವೆಲ್ ರಸ್ತೆಯ ಉದ್ದ ಸಾಲಿನಲ್ಲಿ ಗಂಟೆಗಟ್ಟಲೆ ಕಾಯುವ ಬದಲು ಕ್ಯಾಲಿಫೋರ್ನಿಯಾ ರಸ್ತೆಯ ಮಾರ್ಗವನ್ನು ಹತ್ತಿ, ಅದೇ ಕೇಬಲ್ ಕಾರು, ಜನ ಮಾತ್ರ ಕಡಿಮೆ. ಅಲ್ಕಟ್ರಾಜ್ ಸೆರೆಮನೆ ದ್ವೀಪಕ್ಕೆ ಹೋಗುವ ಆಸೆಯಿದ್ದರೆ ಟಿಕೆಟ್ಟನ್ನು ವಾರಗಳ ಮೊದಲೇ ಕಾಯ್ದಿರಿಸಬೇಕು. ನೀವು ಆರಿಸಿಕೊಂಡ ಸಮಯ ಮಾತ್ರ ಬಹಳ ಒಳ್ಳೆಯದು. ಜುಲೈನಲ್ಲಿ ಮಂಜಿಗೆ ನಡುಗುವ ಈ ಊರು ಸೆಪ್ಟೆಂಬರ್, ಅಕ್ಟೋಬರುಗಳಲ್ಲಿಯೇ ಬೆಚ್ಚಗಿರುತ್ತದೆ.

ಮತ್ತೆ: ಮೊದಲ ಪಯಣ

ನಿಮ್ಮೆಲ್ಲರ ಉತ್ತರಗಳನ್ನು ಅಕ್ಕನಿಗೂ ಓದಿ ಹೇಳಿದೆ. ನ್ಯೂಯಾರ್ಕಿಗೆ ಆರು, ವಾಷಿಂಗ್ಟನ್ನಿಗೆ ಮೂರು, ಶಿಕಾಗೊಗೆ ಮೂರು, ಸ್ಯಾನ್ ಫ್ರಾನ್ಸಿಸ್ಕೊಗೆ ನಾಲ್ಕು ಎಂದು ದಿನಗಳನ್ನು ಹಂಚಿದ್ದೇವೆ. ಕಾರಿನ ಯೋಚನೆಯನ್ನು ಬಿಟ್ಟಿದ್ದೇವೆ. ಹಣದ ವಿಚಾರ ಮತ್ತು ಊಟದ ವಿಚಾರ ಇನ್ನೂ ಉಳಿದಿವೆ. ಜೊತೆಗೆ, ನಮ್ಮ ವಿಮಾನ ನ್ಯೂಯಾರ್ಕಿನ ಜೆಎಫ್‌ಕೆ ನಿಲ್ದಾಣಕ್ಕೆ ರಾತ್ರಿ ಒಂಬತ್ತೂವರೆಗೆ ಇಳಿಯುತ್ತದೆ. ಎರಡು ದೊಡ್ಡ ಪೆಟ್ಟಿಗೆಗಳೊಂದಿಗೆ ಮ್ಯಾನ್‌ಹ್ಯಾಟನ್ನಿನ ಹೋಟೆಲಿಗೆ ರೈಲಿನಲ್ಲಿ ಹೋಗುವುದೋ, ಟ್ಯಾಕ್ಸಿಯಲ್ಲಿಯೋ?

ಉತ್ತರ 5: ಕ್ವೀನ್ಸ್ ನಿವಾಸಿ

ಹಣದಿಂದ ಆರಂಭಿಸುತ್ತೇನೆ. ಇಲ್ಲಿ ಫಲಕದ ಮೇಲೆ ಬರೆದ ಬೆಲೆ ನೀವು ಕೊಡುವ ಬೆಲೆಯಲ್ಲ. ಮಾರಾಟ ತೆರಿಗೆಯನ್ನು ಆಮೇಲೆ ಸೇರಿಸುತ್ತಾರೆ, ಅದೂ ಊರಿಗೊಂದು ದರ. ನ್ಯೂಯಾರ್ಕಿನಲ್ಲಿ ಶೇಕಡಾ 8.875, ಶಿಕಾಗೊದಲ್ಲಿ ಶೇಕಡಾ ಹತ್ತನ್ನೂ ಮೀರುತ್ತದೆ. ಮೇಜಿಗೆ ಬಡಿಸುವ ಊಟದ ಮನೆಯಲ್ಲಿ ಇದರ ಮೇಲೆ ಟಿಪ್ ಬೇರೆ. ಇಬ್ಬರ ಊಟಕ್ಕೆ ನ್ಯೂಯಾರ್ಕಿನಲ್ಲಿ 40 ಡಾಲರ್ ಆಯಿತೆನ್ನಿ. ತೆರಿಗೆ 3.55, ಶೇಕಡಾ ಇಪ್ಪತ್ತರ ಲೆಕ್ಕದಲ್ಲಿ ಟಿಪ್ 8, ಒಟ್ಟು 51.55. ಲೆಕ್ಕ ಹಾಕಲು ಬೇಸರವಾದರೆ ಬಿಲ್ಲಿನಲ್ಲಿರುವ ತೆರಿಗೆಯನ್ನು ದುಪ್ಪಟ್ಟು ಮಾಡಿ ಕೊಡುವುದು ಈ ಊರಿನ ಹಳೆಯ ಉಪಾಯ, ಅದು ಶೇಕಡಾ ಹದಿನೆಂಟರ ಹತ್ತಿರ ಬರುತ್ತದೆ. ಟಿಪ್ ಕೊಡುವುದು ಕಾನೂನಿನ ಕಟ್ಟಳೆಯಲ್ಲ, ಆದರೆ ಬಡಿಸುವವರ ಸಂಪಾದನೆಯ ಬಹುಭಾಗ ಅದೇ ಆಗಿರುವುದರಿಂದ ಕೊಡದೆ ಏಳುವುದು ಕೆಲಸದವರ ಕೂಲಿಯನ್ನು ಹಿಡಿದಿಟ್ಟುಕೊಂಡಂತೆ. ಕೆಲವು ಕಡೆ ಬಿಲ್ಲಿನಲ್ಲಿಯೇ ಅದನ್ನು ಸೇರಿಸಿರುತ್ತಾರೆ, ಕೊನೆಯ ಸಾಲುಗಳನ್ನು ಓದದೆ ಎರಡು ಸಲ ಕೊಟ್ಟು ಬಂದವರು ಅನೇಕರಿದ್ದಾರೆ. ಗಲ್ಲೆಯ ಬಳಿ ನಿಂತು ಕಾಫಿ ಪಡೆಯುವಾಗ ಪರದೆಯ ಮೇಲೆ ಟಿಪ್ ಪ್ರಶ್ನೆ ಬಂದರೆ ಸಂಕೋಚವಿಲ್ಲದೆ ಬೇಡವೆಂದು ಒತ್ತಬಹುದು.

ಮೊದಲ ಸಲ ಬಂದವರನ್ನು ಗಾಬರಿಪಡಿಸುವ ಇನ್ನೊಂದು ಪದ್ಧತಿಯಿದೆ. ಪರಿಚಾರಕರು ನಿಮ್ಮ ಕಾರ್ಡನ್ನು ತೆಗೆದುಕೊಂಡು ಒಳಗೆ ಹೋಗುತ್ತಾರೆ, ಊಟದ ಹಣಕ್ಕೆ ಉಜ್ಜಿ ಚೀಟಿಯೊಂದನ್ನು ತರುತ್ತಾರೆ. ಅದರ ಮೇಲೆ ಟಿಪ್ಪನ್ನೂ ಒಟ್ಟು ಮೊತ್ತವನ್ನೂ ನೀವೇ ಬರೆದು ಸಹಿ ಮಾಡಿ ಎದ್ದು ಬರಬೇಕು. ಫೋನಿಗೆ ಮೊದಲು ಬರುವ ಸಂದೇಶದಲ್ಲಿ ಒಂದು ಮೊತ್ತ, ಎರಡು ದಿನ ಬಿಟ್ಟು ಖಾತೆಯಲ್ಲಿ ಇನ್ನೊಂದು ಮೊತ್ತ ಕಾಣುವುದು ಈ ಕಾರಣಕ್ಕೆ. ಅದು ಮೋಸವಲ್ಲ. ಹೋಟೆಲುಗಳ ಕಡ್ಡಾಯ ಶುಲ್ಕಗಳನ್ನು ಮೊದಲೇ ಸೇರಿಸಿ ಬೆಲೆ ತೋರಿಸಬೇಕೆಂದು 2025ರ ಮೇ ತಿಂಗಳಿನಿಂದ ನಿಯಮವಾಗಿದೆ, ಆದರೂ ಸರ್ಕಾರಿ ತೆರಿಗೆ ಅದರಲ್ಲಿ ಸೇರಿರಬೇಕಾಗಿಲ್ಲ. ನ್ಯೂಯಾರ್ಕಿನಲ್ಲಿ ಕೋಣೆಯ ಮೇಲೆ ಶೇಕಡಾ 14.75 ತೆರಿಗೆಯೂ ರಾತ್ರಿಗೆ ಮೂರೂವರೆ ಡಾಲರೂ ಬೀಳುತ್ತದೆ. ಪ್ರಯಾಣ ವಿಮೆಯಿಲ್ಲದೆ ವಿಮಾನ ಹತ್ತಬೇಡಿ. ತುರ್ತು ಸ್ಥಿತಿಯಲ್ಲಿ ಬಂದವರಿಗೆ ಹಣ ಕೇಳದೆ ಚಿಕಿತ್ಸೆ ಆರಂಭಿಸಬೇಕೆಂದು 1986ರಿಂದ ಕಾನೂನಿದೆ, ಆದರೆ ಬಿಲ್ಲು ಆಮೇಲೆ ಬಂದೇ ಬರುತ್ತದೆ. ಜ್ವರ, ಉಳುಕು ಇಂಥವಕ್ಕೆ ದೊಡ್ಡ ಆಸ್ಪತ್ರೆಗೆ ಹೋಗದೆ ಅರ್ಜೆಂಟ್ ಕೇರ್ ಎಂದು ಬರೆದ ಚಿಕಿತ್ಸಾಲಯಗಳಿಗೆ ಹೋಗಿ. ಪ್ರಾಣಾಪಾಯವಿದ್ದರೆ 911ಕ್ಕೆ ಕರೆ ಮಾಡಿ.

ಊಟದ ಬಗ್ಗೆ ಹೇಳುವುದಾದರೆ, ವೆಜಿಟೇರಿಯನ್ ಎಂಬ ಪದವೊಂದನ್ನೇ ನಂಬಬೇಡಿ. ತರಕಾರಿ ಸೂಪಿಗೆ ಕೋಳಿಯ ರಸ ಹಾಕುತ್ತಾರೆ, ಮೆಕ್ಸಿಕನ್ ಅಡುಗೆಯ ಬೀನ್ಸ್ ಕಾಳನ್ನು ಹಂದಿಯ ಕೊಬ್ಬಿನಲ್ಲಿ ಬೇಯಿಸುವುದುಂಟು, ಸೀಸರ್ ಸಲಾಡಿನ ಸಾಸಿನಲ್ಲಿ ಮೀನಿರುತ್ತದೆ. ಅಕ್ಕನವರ ಮಟ್ಟಿಗೆ ವೀಗನ್, ಅಂದರೆ ಹಾಲೂ ಸೇರಿದಂತೆ ಪ್ರಾಣಿಗಳಿಂದ ಬರುವ ಯಾವುದೂ ಬೇಡ, ಎಂದು ಹೇಳುವುದೇ ಸುರಕ್ಷಿತ, ಮೊಟ್ಟೆಯೂ ಅದರಲ್ಲೇ ತಪ್ಪುತ್ತದೆ. ನಮ್ಮ ರುಚಿ ಬೇಕೆನಿಸಿದಾಗ ಮ್ಯಾನ್‌ಹ್ಯಾಟನ್ನಿನಲ್ಲಿ 28ನೆಯ ಬೀದಿಯ ಸುತ್ತಲಿನ ಲೆಕ್ಸಿಂಗ್ಟನ್ ಅವೆನ್ಯೂ, ಕ್ವೀನ್ಸಿನಲ್ಲಿ ಜಾಕ್ಸನ್ ಹೈಟ್ಸ್, ಶಿಕಾಗೊದಲ್ಲಿ ಡೆವನ್ ಅವೆನ್ಯೂ ಇವೆ. ಕುಡಿಯುವ ನೀರಿಗೆ ಹಣ ಕೊಡಬೇಡಿ, ನಲ್ಲಿಯ ನೀರು ಶುದ್ಧವಾಗಿದೆ. ಊಟದ ಮನೆಯಲ್ಲಿ ಕೇಳಿದರೆ ಉಚಿತವಾಗಿಯೇ ಕೊಡುತ್ತಾರೆ, ಐಸ್ ಬೇಡವೆಂದು ಮಾತ್ರ ಮೊದಲೇ ಹೇಳಬೇಕು. ಸಾರ್ವಜನಿಕ ಶೌಚಾಲಯಗಳು ಈ ಊರಿನಲ್ಲಿ ಬಹಳ ಕಡಿಮೆ. 42ನೆಯ ಬೀದಿಯ ಬ್ರಯಂಟ್ ಪಾರ್ಕಿನದು ಚೊಕ್ಕಟವಾಗಿದೆ, ಉಳಿದಂತೆ ಗ್ರಂಥಾಲಯ ಕಂಡಲ್ಲೆಲ್ಲ ಒಳಹೋಗಿ ಮುಗಿಸಿಕೊಳ್ಳಿ.

ಇನ್ನು ಜೆಎಫ್‌ಕೆ. ಒಂಬತ್ತೂವರೆಗೆ ಇಳಿದರೆ ವಲಸೆ ತಪಾಸಣೆ ಮುಗಿಸಿ ಹೊರಬರುವಾಗ ಹನ್ನೊಂದಾಗಬಹುದು. ಅಧಿಕಾರಿ ನೀವು ಎಷ್ಟು ದಿನ, ಎಲ್ಲಿ, ಏತಕ್ಕೆ ಎಂದು ಕೇಳುತ್ತಾರೆ. ಕೇಳಿದಷ್ಟಕ್ಕೆ ಉತ್ತರಿಸಿ, ಹೋಟೆಲಿನ ವಿಳಾಸವನ್ನೂ ಮರಳುವ ಟಿಕೆಟ್ಟನ್ನೂ ಕಾಗದದಲ್ಲಿ ಇಟ್ಟುಕೊಳ್ಳಿ. ಚೀಲದಲ್ಲಿ ತಿಂಡಿಗಳಿದ್ದರೆ ಇದೆಯೆಂದೇ ಹೇಳಿ, ಮುಚ್ಚಿಟ್ಟರೆ ದಂಡ ಬೀಳುತ್ತದೆ. ನೀವು ಎಷ್ಟು ದಿನ ಉಳಿಯಬಹುದೆಂಬುದನ್ನು ನಿರ್ಧರಿಸುವುದು ವೀಸಾದ ಮೇಲಿನ ತಾರೀಖಲ್ಲ, ಅಲ್ಲಿ ನಮೂದಿಸುವ ಐ-94 ದಾಖಲೆಯ ತಾರೀಖು. ಅದನ್ನು ಮರುದಿನ ಜಾಲತಾಣದಲ್ಲಿ ನೋಡಿ ಒಂದು ಪ್ರತಿ ಇಟ್ಟುಕೊಳ್ಳಿ. ಅದನ್ನು ಓದುವಾಗ ಇಲ್ಲಿ ತಿಂಗಳನ್ನು ಮೊದಲು, ದಿನವನ್ನು ಆಮೇಲೆ ಬರೆಯುತ್ತಾರೆಂಬುದು ನೆನಪಿರಲಿ.

ಹಗಲಾಗಿದ್ದರೆ ಏರ್‌ಟ್ರೇನಿನಲ್ಲಿ ಕ್ವೀನ್ಸಿನ ಜಮೈಕಾ ರೈಲು ನಿಲ್ದಾಣಕ್ಕೆ ಹೋಗಿ ಅಲ್ಲಿಂದ ಇ ರೈಲು ಹಿಡಿಯಿರಿ ಎನ್ನುತ್ತಿದ್ದೆ. ಆ ಹೊತ್ತಿಗೆ, ಎರಡು ಪೆಟ್ಟಿಗೆಗಳೊಂದಿಗೆ, ಇಪ್ಪತ್ತು ಗಂಟೆಗಳ ಪ್ರಯಾಣದ ಮೇಲೆ ಟ್ಯಾಕ್ಸಿಯೇ ಸರಿ. ಬಾಗಿಲು ದಾಟುತ್ತಿದ್ದಂತೆ ಟ್ಯಾಕ್ಸಿ ಬೇಕೆ ಎಂದು ಹತ್ತಿರ ಬರುವವರನ್ನು ತಿರುಗಿಯೂ ನೋಡಬೇಡಿ. ಅವರಾರಿಗೂ ಪರವಾನಗಿ ಇರುವುದಿಲ್ಲ. ಹೊರಗೆ ಫಲಕವಿರುವ ಅಧಿಕೃತ ಸಾಲಿನಲ್ಲಿ ನಿಂತು ಹಳದಿ ಟ್ಯಾಕ್ಸಿ ಹತ್ತಿ. ಮ್ಯಾನ್‌ಹ್ಯಾಟನ್ನಿಗೆ 70 ಡಾಲರ್ ನಿಗದಿತ ದರ, ಸುರಂಗದ ಸುಂಕ, ಸಣ್ಣಪುಟ್ಟ ಶುಲ್ಕಗಳು ಮತ್ತು ಟಿಪ್ ಸೇರಿ ನೂರು ಡಾಲರಿನ ಆಸುಪಾಸು ಆಗುತ್ತದೆ. ಇಳಿಯುವಾಗ ಕಾರ್ಡಿನಲ್ಲಿಯೇ ಕೊಟ್ಟು ರಸೀದಿ ಪಡೆಯಿರಿ, ಅದರ ಮೇಲೆ ಟ್ಯಾಕ್ಸಿಯ ಸಂಖ್ಯೆ ಇರುತ್ತದೆ. ಸೀಟಿನ ಮೇಲೆ ಏನಾದರೂ ಮರೆತಿದ್ದರೆ ನಗರದ ಸಹಾಯವಾಣಿಯಾದ 311ಕ್ಕೆ ಕರೆ ಮಾಡಿ ಹುಡುಕಿಸಲು ಬೇಕಾಗುವುದು ಆ ಸಂಖ್ಯೆಯೇ.